ಕುದುರೆಯ ಮೈಮೇಲೆ ಕೈ ಇಡುವ ಮುನ್ನ

ಪ್ರಶ್ನೆ: ನಾನು ಗಂಗಾವತಿಯಲ್ಲಿ ಬಿ.ಎಸ್‌ಸಿ. ಎರಡನೆಯ ವರ್ಷ ಓದುತ್ತಿದ್ದೇನೆ. ನಮ್ಮ ಕಾಕಾ ಮದುವೆ ಮೆರವಣಿಗೆಗಳಿಗೆ ಕುದುರೆ ಕಳುಹಿಸುತ್ತಾರೆ. ಮನೆಯಲ್ಲಿರುವ ಎರಡು ಕುದುರೆಗಳಲ್ಲಿ ಒಂದು ಎಂಟು ವರ್ಷದ ಬಿಳಿ ಹೆಣ್ಣು ಕುದುರೆ. ಹೋದ ವರ್ಷದಿಂದ ಅದರ ಸ್ವಭಾವ ಕೆಟ್ಟಿದೆ. ಜೀನಿನ ಪಟ್ಟಿ ಬಿಗಿಯುವಾಗ ತಿರುಗಿ ಕಚ್ಚಲು ಬರುತ್ತದೆ, ಬೆನ್ನ ಮೇಲೆ ಕೈ ಇಟ್ಟರೆ ಕುಗ್ಗುತ್ತದೆ. ‘ಪೆಟ್ಟು ಬೀಳದ ಕುದುರೆ ಮಾತು ಕೇಳುವುದಿಲ್ಲ’ ಎನ್ನುತ್ತಾರೆ ಕಾಕಾ. ಪರಿಚಯದ ಹಿರಿಯರೊಬ್ಬರು ಬಿಸಿ ಎಣ್ಣೆ ಹಚ್ಚಿ ತಿಕ್ಕಿರಿ, ಅದಕ್ಕೂ ಬಗ್ಗದಿದ್ದರೆ ಬರೆ ಹಾಕಿಸಿರಿ ಎಂದಿದ್ದಾರೆ. ನಾನು ಮೊಬೈಲಿನಲ್ಲಿ ವಿಡಿಯೊ ನೋಡಿ ಎರಡು ತಿಂಗಳಿಂದ ಅದಕ್ಕೆ ಮಾಲೀಸು ಮಾಡುತ್ತಿದ್ದೇನೆ. ಕೆಲವು ದಿನ ಕಣ್ಣು ಮುಚ್ಚಿ ನಿಲ್ಲುತ್ತದೆ, ಕೆಲವು ದಿನ ಒದೆಯಲು ಬರುತ್ತದೆ. ತಿಳಿಯದೆ ಹಾನಿ ಮಾಡುತ್ತಿದ್ದೇನೆಯೇ? ಆನ್‌ಲೈನ್ ಕೋರ್ಸ್ ಸೇರಿ ಪ್ರಮಾಣಪತ್ರ ಪಡೆಯಬೇಕೇ? ಇದು ಹುಡುಗಿಯರ ಕೈಲಾಗುವ ಕೆಲಸವಲ್ಲ ಎನ್ನುವುದು ನಿಜವೇ?
— ವಿದ್ಯಾರ್ಥಿನಿ, ಗಂಗಾವತಿ ತಾಲ್ಲೂಕು

ಉತ್ತರ: ತಂಗಿ, ನಿಮ್ಮ ಪತ್ರದ ಒಂದು ಸಾಲನ್ನು ನಾನು ಮತ್ತೆ ಮತ್ತೆ ಓದಿದೆ: ‘ಕೆಲವು ದಿನ ಕಣ್ಣು ಮುಚ್ಚಿ ನಿಲ್ಲುತ್ತದೆ, ಕೆಲವು ದಿನ ಒದೆಯಲು ಬರುತ್ತದೆ.’ ಆ ಎರಡು ಬಗೆಯ ದಿನಗಳಲ್ಲಿ ಏನು ಬೇರೆಯಾಗಿತ್ತು? ಹಿಂದಿನ ರಾತ್ರಿ ಮೆರವಣಿಗೆ ಇತ್ತೇ? ಎಷ್ಟು ಹೊತ್ತು ಮೇವಿಲ್ಲದೆ ನಿಂತಿತ್ತು? ನೀವು ಕೈ ಇಟ್ಟದ್ದು ಪ್ರತಿದಿನವೂ ಒಂದೇ ಜಾಗದಲ್ಲಿಯೇ? ಇಷ್ಟು ತಿಳಿದರೆ ನಿಮ್ಮ ಕುದುರೆಯ ಅರ್ಧ ಕಥೆ ತಿಳಿದಂತೆ.

‘ಸ್ವಭಾವ ಕೆಟ್ಟಿದೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ 31 ವರ್ಷ ಪಶುವೈದ್ಯನಾಗಿ ಟಾಂಗಾ ಕುದುರೆಗಳನ್ನೂ ಮದುವೆ ಕುದುರೆಗಳನ್ನೂ ಕುರಿಗಾರರ ತಟ್ಟುಗಳನ್ನೂ (ಸಣ್ಣ ಕುದುರೆಗಳನ್ನೂ) ನೋಡಿದ್ದೇನೆ. ವರ್ಷಗಟ್ಟಲೆ ಸೌಮ್ಯವಾಗಿದ್ದ ಕುದುರೆ ಕಚ್ಚತೊಡಗಿತು ಎಂದು ಯಾರಾದರೂ ಕರೆದಾಗ ನಾನು ಮೊದಲು ಹುಡುಕುತ್ತಿದ್ದುದು ನೋವನ್ನು. ಹೆಚ್ಚಿನ ಸಲ ಅದು ಸಿಕ್ಕಿದೆ. ಕುದುರೆ ಬೇಟೆಗೆ ಗುರಿಯಾಗುತ್ತ ಬಂದ ಪ್ರಾಣಿ. ಕುಂಟಿದರೆ, ನರಳಿದರೆ ಹುಲಿ, ತೋಳಗಳ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ತಾಳುವಷ್ಟು ದಿನ ನೋವನ್ನು ಬಚ್ಚಿಡುತ್ತದೆ. ಅದು ಹಲ್ಲು ತೋರಿಸುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ.

ಜೀನಿನಿಂದ ಶುರುಮಾಡಿ. ಮೆರವಣಿಗೆಯ ಜೀನು ಅಲಂಕಾರಕ್ಕಾಗಿ ಮಾಡಿದ್ದು, ಕುದುರೆಯ ಬೆನ್ನಿನ ಅಳತೆಗೆ ಮಾಡಿದ್ದಲ್ಲ. ಅದನ್ನು ಬಿಸಿಲಿನಲ್ಲಿ ಬೋರಲಾಗಿ ಇಟ್ಟು ಒಳಮೈಯನ್ನು ಬೆರಳಿನಿಂದ ತಡವಿ ನೋಡಿ: ಗಂಟುಗಟ್ಟಿದ ಹತ್ತಿ, ಮೇಲೆದ್ದ ಮೊಳೆ, ಮುರಿದ ಮರದ ಅಂಚು ಸಿಗಬಹುದು. ಕಂದು ಅಥವಾ ಕಪ್ಪು ಕುದುರೆಯಾದರೆ ಜೀನು ಒತ್ತಿ ಗಾಯವಾದ ಕಡೆ ಬಿಳಿ ಕೂದಲು ಹುಟ್ಟಿ ತಾನೇ ಸಾಕ್ಷಿ ಹೇಳುತ್ತದೆ. ನಿಮ್ಮದು ಬಿಳಿ ಕುದುರೆ, ಆ ಸಾಕ್ಷಿ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಕತ್ತು ಬೆನ್ನಿಗೆ ಸೇರುವ ದಿಬ್ಬದ ಎರಡೂ ಬದಿಗಳಲ್ಲಿ ಅಂಗೈಯನ್ನು ನಿಧಾನವಾಗಿ ಜಾರಿಸಿ. ತಗ್ಗು, ಗಂಟು, ಕೂದಲು ತೆಳುವಾದ ಜಾಗ, ಉಳಿದ ಕಡೆಗಿಂತ ಬಿಸಿಯಾದ ಜಾಗ ಯಾವುದಾದರೂ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ. ಗಾಯದ ಮೇಲೆ ಮಾಲೀಸು ಮಾಡಿ ಮತ್ತೆ ಅದೇ ಜೀನು ಬಿಗಿದರೆ ನಿಮ್ಮ ಶ್ರಮಕ್ಕೆ ಅರ್ಥವಿರುವುದಿಲ್ಲ.

ಇನ್ನೊಂದು ಕಾರಣವನ್ನು ನಮ್ಮ ಕಡೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಹೊಟ್ಟೆ. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಬಹಳ ಚಿಕ್ಕದು. ಅದರಲ್ಲಿ ಆಮ್ಲ ಹಗಲೂ ರಾತ್ರಿ, ತಿಂದರೂ ತಿನ್ನದಿದ್ದರೂ ಒಸರುತ್ತಲೇ ಇರುತ್ತದೆ. ಬಯಲಿಗೆ ಬಿಟ್ಟರೆ ದಿನದ ಹೆಚ್ಚಿನ ಹೊತ್ತು ಮೇಯುತ್ತಲೇ ಇರುವ ಪ್ರಾಣಿಗೆ ಇದರಿಂದ ತೊಂದರೆಯಿಲ್ಲ. ಅಗಿಯುವಾಗ ಬರುವ ಜೊಲ್ಲು ಆಮ್ಲವನ್ನು ಶಮನಗೊಳಿಸುತ್ತದೆ. ಅಗಿಯದಿದ್ದರೆ ಜೊಲ್ಲಿಲ್ಲ. ಈಗ ಮದುವೆಯ ಸೀಸನ್ ನೆನೆಸಿಕೊಳ್ಳಿ. ಸಂಜೆ ನಾಲ್ಕಕ್ಕೆ ಒಂದಿಷ್ಟು ಹುರುಳಿ ತಿನ್ನಿಸಿ ಹೊರಡಿಸುತ್ತಾರೆ. ರಾತ್ರಿ ಹನ್ನೊಂದರವರೆಗೆ ಡೊಳ್ಳು, ಡಿಜೆ, ಪಟಾಕಿಗಳ ನಡುವೆ ಅದು ಖಾಲಿ ಹೊಟ್ಟೆಯಲ್ಲಿ ಕುಣಿಯುತ್ತದೆ. ಕುಣಿದಂತೆ ಆಮ್ಲ ಮೇಲಕ್ಕೆ ಚಿಮ್ಮಿ ಜಠರದ ಮೇಲ್ಭಾಗವನ್ನು ಸುಡುತ್ತದೆ. ಹೀಗೆ ಹುಣ್ಣಾದ ಕುದುರೆಗಳಲ್ಲಿ ಹಲವು ಹೊಟ್ಟೆಪಟ್ಟಿ ಬಿಗಿಯುವಾಗಲೇ ಕಿವಿ ಹಿಂದಕ್ಕೆ ಒರಗಿಸಿ ಕಚ್ಚಲು ತಿರುಗುತ್ತವೆ. ನಿಮ್ಮ ಕುದುರೆಗೆ ಇದೇ ಆಗಿದೆ ಎಂದು ಪತ್ರ ಓದಿ ಹೇಳಲಾರೆ. ಆದರೆ ಹೊರಡುವ ಮುನ್ನ ಹೊಟ್ಟೆ ತುಂಬ ಹುಲ್ಲು ಹಾಕುವುದು, ಮೆರವಣಿಗೆ ತಡವಾದಾಗ ಒಂದು ಹಿಡಿ ಮೇವು ಕೊಡಲು ಗಾಡಿಯಲ್ಲಿ ಒಂದು ಹೊರೆ ಇಟ್ಟುಕೊಳ್ಳುವುದು ನಾಳೆಯಿಂದಲೇ ಆಗುವ ಕೆಲಸ. ಹುಣ್ಣಿನ ಅನುಮಾನ ಬಲವಾದರೆ ಔಷಧಿ ಇದೆ, ಅದನ್ನು ಪಶುವೈದ್ಯರು ಬರೆದುಕೊಡಬೇಕು.

ಹಲ್ಲು ಮತ್ತು ಗೊರಸನ್ನೂ ನೋಡಿಸಿ. ಕುದುರೆಯ ಹಲ್ಲು ವರ್ಷಕ್ಕೆ 2ರಿಂದ 3 ಮಿಲಿಮೀಟರ್ ಹೊರಬರುತ್ತಲೇ ಇರುತ್ತದೆ. ಸಮನಾಗಿ ಸವೆಯದಿದ್ದರೆ ಅಂಚುಗಳು ಹರಿತವಾಗಿ ಕೆನ್ನೆಯನ್ನೂ ನಾಲಿಗೆಯನ್ನೂ ಕೊಯ್ಯುತ್ತವೆ. ಆಗ ಕಡಿವಾಣ ಎಳೆದರೆ ತಲೆ ಕೊಡವುತ್ತದೆ, ಕತ್ತು ಬಿಗಿ ಹಿಡಿಯುತ್ತದೆ. ಲಾಳ ಬದಲಿಸಿ ಎರಡು ತಿಂಗಳು ಮೀರಿದ್ದರೆ ಗೊರಸು ಉದ್ದವಾಗಿ ಹೆಜ್ಜೆಯ ಕೋನವೇ ತಪ್ಪಿರುತ್ತದೆ, ಅದರ ಭಾರ ಹೆಗಲಿಗೂ ಬೆನ್ನಿಗೂ ಏರುತ್ತದೆ.

ಇನ್ನು ಕಾಕಾ ಅವರ ಮಾತು. ಅವರನ್ನು ನಾನು ಕ್ರೂರಿ ಎಂದುಕೊಳ್ಳುವುದಿಲ್ಲ, ಅವರಿಗೆ ಕಲಿಸಿದವರು ಹಾಗೆಯೇ ಕಲಿಸಿರುತ್ತಾರೆ. ಆದರೆ ಪೆಟ್ಟು ತಿಂದ ಕುದುರೆ ಕಲಿಯುವುದು ಮನುಷ್ಯನ ಕೈ ಮೇಲೆದ್ದರೆ ನೋವು ಬರುತ್ತದೆ ಎಂಬುದನ್ನು. ನಿಮ್ಮ ಕುದುರೆಗೆ ಜೀನು ಬಿಗಿಯುವಾಗ ಈಗಾಗಲೇ ಒಂದು ನೋವಿದೆ, ಪೆಟ್ಟು ಅದಕ್ಕೆ ಎರಡನೆಯದನ್ನು ಸೇರಿಸುತ್ತದೆ. ಕುದುರೆ ಕಲಿಯುವುದು ಒತ್ತಡ ಬಿಟ್ಟ ಗಳಿಗೆಯಿಂದ. ಹಗ್ಗ ಮೆಲ್ಲಗೆ ಎಳೆದಾಗ ಅದು ಒಂದು ಹೆಜ್ಜೆ ಇಟ್ಟಿತು, ನೀವು ಆ ಕ್ಷಣವೇ ಹಗ್ಗ ಸಡಿಲಿಸಿದಿರಿ: ಆ ಸಡಿಲವೇ ಅದಕ್ಕೆ ‘ಸರಿ ಮಾಡಿದೆ’ ಎಂಬ ಉತ್ತರ. ತಡವಾಗಿ ಬಿಟ್ಟರೆ ಯಾವುದಕ್ಕೆ ಬಿಟ್ಟಿರಿ ಎಂದು ಅದಕ್ಕೆ ತಿಳಿಯುವುದಿಲ್ಲ.

ಮಾಲೀಸಿಗೂ ಇದೇ ನಿಯಮ. ಕುದುರೆ ಒದೆಯಲು ಬಂದಾಗ ಕೈ ತೆಗೆದರೆ ‘ಒದೆದರೆ ಬಿಡುತ್ತಾಳೆ’ ಎಂದು ಕಲಿಯುತ್ತದೆ. ಒದೆದರೂ ಬಿಡದೆ ಒತ್ತಿದರೆ ನಿಮ್ಮ ಮೊಣಕಾಲು ಮುರಿಯಬಹುದು. ಕೈಯನ್ನು ಹಗುರ ಮಾಡಬೇಕಾದದ್ದು ಅದಕ್ಕೂ ಬಹಳ ಮೊದಲು, ಒಂದು ಕಿವಿ ಹಿಂದಕ್ಕೆ ತಿರುಗಿದಾಗ, ಮೂಗಿನ ಹೊಳ್ಳೆ ಬಿಗಿದಾಗ, ಚರ್ಮ ನವಿರಾಗಿ ಅದುರಿದಾಗ. ನೋವು ತಿಂದ ಕುದುರೆಯ ಮುಖವನ್ನು ಗುರುತಿಸಲು 2014ರಲ್ಲಿ ಸಂಶೋಧಕರು ಒಂದು ಅಳತೆಪಟ್ಟಿಯನ್ನೇ ಪ್ರಕಟಿಸಿದರು. ಅದರಲ್ಲಿ ನೋಡುವುದು ಆರು ಗುರುತುಗಳನ್ನು: ಹಿಂದಕ್ಕೆ ಬಿಗಿದ ಕಿವಿ, ಅರೆಮುಚ್ಚಿದ ಕಣ್ಣು, ಕಣ್ಣಿನ ಮೇಲ್ಭಾಗದ ಬಿಗಿತ, ಉಬ್ಬಿದ ದವಡೆಯ ಸ್ನಾಯು, ಬಿಗಿದ ಬಾಯಿ ಮತ್ತು ಗದ್ದ, ಸೆಟೆದ ಹೊಳ್ಳೆ. ಇಲ್ಲಿ ಒಂದು ಎಚ್ಚರ ಬೇಕು. ನೀವು ‘ಕಣ್ಣು ಮುಚ್ಚಿ ನಿಲ್ಲುತ್ತದೆ’ ಎಂದು ಬರೆದಿದ್ದೀರಿ. ಕೆಳದುಟಿ ಜೋತು, ತಲೆ ತಗ್ಗಿ, ಉಸಿರು ಉದ್ದವಾಗಿ ಕಣ್ಣು ಮುಚ್ಚಿದ್ದರೆ ಅದು ನೆಮ್ಮದಿ. ಗದ್ದ ಬಿಗಿದು ಕಣ್ಣು ಅರೆಮುಚ್ಚಿದ್ದರೆ ನೋವನ್ನು ಸಹಿಸುತ್ತ ನಿಂತಿದೆ ಎಂದು ತಿಳಿಯಬೇಕು. ಕಣ್ಣೊಂದನ್ನೇ ನೋಡಿ ನಿರ್ಧರಿಸಬೇಡಿ.

ಬಿಸಿ ಎಣ್ಣೆಯಿಂದ ಸ್ನಾಯುವಿಗೆ ಬಲ ಬರುವುದಿಲ್ಲ. ಕರ್ಪೂರ, ಟರ್ಪೆಂಟೈನ್ ಸೇರಿಸಿದ ಎಣ್ಣೆ ಕುದುರೆಯ ಚರ್ಮವನ್ನು ಸುಡುತ್ತದೆ. ಬರೀ ಎಣ್ಣೆಯಾದರೂ ನಮ್ಮ ಕಡೆಯ ಧೂಳನ್ನು ಹಿಡಿದಿಟ್ಟು ಜೀನಿನ ಕೆಳಗೆ ಉಜ್ಜು ಕಾಗದದಂತೆ ಕೆಲಸ ಮಾಡುತ್ತದೆ. ಒಣಗಿದ ಶುದ್ಧವಾದ ಕೈ ಸಾಕು. ಬರೆಯ ವಿಷಯದಲ್ಲಿ ನನ್ನದು ಒಂದೇ ಮಾತು: ಹಾಕಿಸಲು ಬಿಡಬೇಡಿ. ಸುಟ್ಟ ಗಾಯ ಒಳಗಿನ ನೋವನ್ನು ಗುಣಪಡಿಸುವುದಿಲ್ಲ. ಬರೆ ಹಾಕಿದ ಮೇಲೆ ‘ವಾಸಿಯಾಯಿತು’ ಎಂದು ಕಾಣುವುದಕ್ಕೆ ಕಾರಣ ಆ ಗಾಯ ಮಾಯುವವರೆಗೆ ಕುದುರೆಗೆ ಸಿಗುವ ವಾರಗಟ್ಟಲೆ ವಿಶ್ರಾಂತಿ. ಆ ವಿಶ್ರಾಂತಿಯನ್ನು ಸುಡದೆಯೂ ಕೊಡಬಹುದಲ್ಲ?

ವಿಡಿಯೊಗಳು ಹರಡುವ ತಪ್ಪುಗಳೂ ಇವೆ. ಮಾಲೀಸು ಮಾಡಿದರೆ ಮೈಯಲ್ಲಿನ ವಿಷ ಹೊರಹೋಗುತ್ತದೆ, ಲ್ಯಾಕ್ಟಿಕ್ ಆಮ್ಲ ಕರಗುತ್ತದೆ ಎನ್ನುತ್ತಾರೆ. ದುಡಿದಾಗ ಹೆಚ್ಚಾದ ಆ ಆಮ್ಲವನ್ನು ದೇಹವೇ ಸ್ವಲ್ಪ ಹೊತ್ತಿನಲ್ಲಿ ಬಳಸಿ ತೀರಿಸುತ್ತದೆ, ನಮ್ಮ ಕೈಗೆ ಅದು ಕಾಯುವುದಿಲ್ಲ. ಹಾಗೆಂದು ಮಾಲೀಸು ವ್ಯರ್ಥವಲ್ಲ. ಕುದುರೆಗಳು ಒಂದರ ಪಕ್ಕ ಒಂದು ನಿಂತು ಕತ್ತಿನ ಬುಡದ ದಿಬ್ಬವನ್ನು ಪರಸ್ಪರ ಹಲ್ಲಿನಿಂದ ಕೆರೆಯುವುದನ್ನು ನೀವು ನೋಡಿರುತ್ತೀರಿ. ಅದೇ ಜಾಗವನ್ನು ಮನುಷ್ಯರು ಕೈಯಿಂದ ಉಜ್ಜಿದಾಗ ಕುದುರೆಯ ಹೃದಯ ಬಡಿತ ಇಳಿಯುತ್ತದೆ ಎಂದು 1993ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಬೆನ್ನಿನ ಸ್ನಾಯು ಸಡಿಲಗೊಂಡು ಒತ್ತಡ ತಾಳುವ ಶಕ್ತಿ ಸ್ವಲ್ಪ ಹೆಚ್ಚುವುದನ್ನೂ ಸಣ್ಣ ಪ್ರಯೋಗಗಳಲ್ಲಿ ಕಂಡಿದ್ದಾರೆ. ಆದರೆ ಮಾಲೀಸಿನಿಂದ ಕುಂಟು ವಾಸಿಯಾಗುತ್ತದೆ ಎನ್ನುವವರನ್ನು ನಂಬಬೇಡಿ.

ಕೈಗೆ ತಿಳಿದಿರಬೇಕಾದ ಶರೀರರಚನೆ ಸ್ವಲ್ಪ ಹೇಳುತ್ತೇನೆ. ಕುದುರೆಗೆ ಮನುಷ್ಯರಂತೆ ಹೆಗಲನ್ನು ಎದೆಗೆ ಜೋಡಿಸುವ ಕೊರಳೆಲುಬು (ಕಾಲರ್ ಬೋನ್) ಇಲ್ಲ. ಮುಂಗಾಲುಗಳು ಮುಂಡಕ್ಕೆ ಅಂಟಿಕೊಂಡಿರುವುದು ಬರೀ ಸ್ನಾಯುಗಳಿಂದ. ಎರಡು ಮುಂಗಾಲುಗಳ ನಡುವೆ ತೊಟ್ಟಿಲು ಕಟ್ಟಿದಂತೆ ಎದೆ ತೂಗುತ್ತಿದೆ ಎಂದುಕೊಳ್ಳಿ. ನಿಂತಾಗ ಮೈಭಾರದಲ್ಲಿ ನೂರಕ್ಕೆ ಸುಮಾರು 60 ಭಾಗ ಬೀಳುವುದೂ ಮುಂಗಾಲುಗಳ ಮೇಲೆಯೇ. ಹೀಗಾಗಿ ಹೆಗಲು, ಎದೆ, ಕತ್ತಿನ ಬುಡದಲ್ಲಿ ಬಿಗಿತ ಬೇಗ ಸೇರುತ್ತದೆ, ಮಾಲೀಸಿನ ಫಲ ಹೆಚ್ಚಾಗಿ ಕಾಣುವುದೂ ಅಲ್ಲಿಯೇ. ಮುಂಗಾಲಿನ ಮೊಣಕಾಲಿನಿಂದ ಕೆಳಗೆ ಮತ್ತು ಹಿಂಗಾಲಿನ ಮಡಿಕೆಯಿಂದ ಕೆಳಗೆ ಒತ್ತಬಹುದಾದ ಸ್ನಾಯುವೇ ಇಲ್ಲ, ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗದಂಥ ರಜ್ಜುಗಳು ಮತ್ತು ಎಲುಬು ಮಾತ್ರ. ಅಲ್ಲಿ ಒತ್ತಬೇಡಿ. ಬೆನ್ನುಹುರಿಯ ಎಲುಬಿನ ಮೇಲೆ, ಗಂಟಲಿನ ಬಳಿ, ಪಕ್ಕೆಲುಬುಗಳ ಹಿಂದಿನ ಮೆತ್ತನೆಯ ಪಕ್ಕೆಯ ಮೇಲೆಯೂ ಬೇಡ.

ಹತ್ತಿರ ಹೋಗುವ ಕ್ರಮ ಹೀಗಿರಲಿ. ಕುದುರೆಗೆ ಸುತ್ತಲೂ ಕಾಣುತ್ತದೆ, ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಎಡಹೆಗಲಿನ ಕಡೆಯಿಂದ ಮಾತನಾಡಿಸುತ್ತ ಹೋಗಿ. ಮೊದಲು ಮುಂಗೈ ಮೂಸಲು ಬಿಡಿ. ಅಂಗೈಯನ್ನು ಹೆಗಲ ಮೇಲೆ ಸುಮ್ಮನೆ ಇಟ್ಟು ಅದರ ಉಸಿರನ್ನು ಎಣಿಸಿ. ವಿಶ್ರಾಂತಿಯಲ್ಲಿದ್ದರೆ ನಿಮಿಷಕ್ಕೆ 8ರಿಂದ 16 ಇರಬೇಕು. ಆಮೇಲೆ ಕೂದಲಿನ ದಿಕ್ಕಿನಲ್ಲಿ ಕತ್ತಿನಿಂದ ಹಿಂಭಾಗದವರೆಗೆ ಸವರಿ. ಒತ್ತುವುದು ಅನಂತರ, ಅಂಗಡಿಯಲ್ಲಿ ಮಾವಿನ ಹಣ್ಣು ಮಾಗಿದೆಯೇ ಎಂದು ನೋಡಲು ಒತ್ತುವಿರಲ್ಲ, ಅಷ್ಟೇ. ಕತ್ತು, ಹೆಗಲು, ಹಿಂಭಾಗದ ದಪ್ಪ ಸ್ನಾಯುಗಳ ಮೇಲೆ ವೃತ್ತಾಕಾರವಾಗಿ, ಒಂದು ಬದಿಗೆ ಹತ್ತು ನಿಮಿಷ ಸಾಕು. ಕಾಲಿನ ಬಳಿ ನೆಲದ ಮೇಲೆ ಕೂರಬೇಡಿ, ಮಂಡಿಯೂರಲೂ ಬೇಡಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ದುಪಟ್ಟಾ, ಬಳೆ, ಚಪ್ಪಲಿ ಬಿಟ್ಟು ಗಟ್ಟಿ ಬೂಟು ಹಾಕಿ. ತಲೆ ಹಿಡಿದು ನಿಲ್ಲಲು ಇನ್ನೊಬ್ಬರು ಇಲ್ಲದ ದಿನ ಮಾಲೀಸೇ ಬೇಡ. ಧನುರ್ವಾತದ ಚುಚ್ಚುಮದ್ದನ್ನು ನೀವೂ ಹಾಕಿಸಿಕೊಳ್ಳಿ, ಕುದುರೆಗೂ ಹಾಕಿಸಿ.

ಧನುರ್ವಾತದ ಮಾತು ಬಂದಿದ್ದರಿಂದ ನನ್ನ ತಪ್ಪೊಂದನ್ನು ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಟಾಂಗಾ ಕುದುರೆಯನ್ನು ನೋಡಿದೆ. ಮೈ ಬಿಗಿದಿತ್ತು, ನಡಿಗೆ ಕಟ್ಟಿಗೆಯಂತಿತ್ತು. ದುಡಿದು ಬಿಗಿದಿದೆ ಎಂದುಕೊಂಡು ಶಾಖ ಕೊಟ್ಟು ತಿಕ್ಕಲು ಹೇಳಿ ಬಂದೆ. ಕಣ್ಣಿನ ಮೂಲೆಯಿಂದ ಒಳರೆಪ್ಪೆ ಅಡ್ಡ ಬಂದಿದ್ದನ್ನು ನಾನು ನೋಡಲಿಲ್ಲ, ಗೊರಸು ಎತ್ತಿ ನೋಡಲಿಲ್ಲ. ಅಲ್ಲಿ ಮೊಳೆ ಚುಚ್ಚಿದ ಹಳೆಯ ಗಾಯವಿತ್ತು. ಧನುರ್ವಾತಕ್ಕೆ ಸಣ್ಣ ಸದ್ದು, ಸಣ್ಣ ಸ್ಪರ್ಶವೂ ಸೆಳೆತ ತರುತ್ತದೆ. ಆ ಮನೆಯವರು ನನ್ನ ಮಾತು ನಂಬಿ ರಾತ್ರಿಯಿಡೀ ತಿಕ್ಕಿದ್ದರು. ಕುದುರೆ ಉಳಿಯಲಿಲ್ಲ. ಅಂದಿನಿಂದ ಬಿಗಿದ ಕುದುರೆಯ ಕಣ್ಣು, ಗೊರಸು ನೋಡದೆ ನಾನು ಕೈ ಹಚ್ಚಿಲ್ಲ.

ನೀವೂ ಪ್ರತಿ ಸಲ ಮೊದಲು ಆರೋಗ್ಯ ನೋಡಿ. ಜ್ವರಮಾಪಕದಲ್ಲಿ 38.5 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ, ವಿಶ್ರಾಂತಿಯಲ್ಲಿಯೂ ನಾಡಿ ನಿಮಿಷಕ್ಕೆ 44 ಮೀರಿದ್ದರೆ ಮಾಲೀಸು ಬೇಡ. ದುಡಿದ ಮೇಲೆ ಹಿಂಭಾಗದ ಸ್ನಾಯು ಕಲ್ಲಿನಂತಾಗಿ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದರೆ ಸ್ನಾಯುವೇ ಒಡೆಯುತ್ತಿದೆ ಎಂದರ್ಥ. ಆಗ ಒತ್ತಬಾರದು, ನಡೆಸಲೂ ಬಾರದು. ಪಕ್ಕೆ ತಿರುಗಿ ನೋಡುತ್ತ ನೆಲಕ್ಕೆ ಹೊರಳಿದರೆ ಹೊಟ್ಟೆಶೂಲೆ. ಕುದುರೆ ವಾಂತಿ ಮಾಡಲಾರದ ಪ್ರಾಣಿ, ಕಾಯುವಂತಿಲ್ಲ. ಇಂಥ ಹೊತ್ತಿನಲ್ಲಿ ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಒಂದು ರೋಗವನ್ನು ಪ್ರತ್ಯೇಕವಾಗಿ ಹೇಳುತ್ತೇನೆ, ಅದು ನಿಮಗೂ ಅಂಟುತ್ತದೆ. ಮೂಗಿನಿಂದ ಗಟ್ಟಿ ಲೋಳೆ, ಚರ್ಮದ ಕೆಳಗೆ ಮಣಿಸರದಂತೆ ಸಾಲುಗಂಟುಗಳು, ಒಡೆದ ಹುಣ್ಣುಗಳು ಕಂಡರೆ ಗ್ಲಾಂಡರ್ಸ್ ಇರಬಹುದು. ಮನುಷ್ಯರಿಗೆ ಬಂದರೆ ಪ್ರಾಣಾಪಾಯ. ಅಂಥ ಕುದುರೆಯನ್ನು ಮುಟ್ಟಬೇಡಿ, ಕೈ ತೊಳೆದು ಪಶು ಇಲಾಖೆಗೆ ತಿಳಿಸಿ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯ್ದೆಯಂತೆ ಇದನ್ನು ವರದಿ ಮಾಡಲೇಬೇಕು. ರಕ್ತದ ಮಾದರಿಯನ್ನು ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷಿಸುತ್ತಾರೆ.

ಬೇಸಿಗೆಯ ಬಗ್ಗೆ ಎರಡು ಮಾತು. ಬೆವೆತ ಕುದುರೆಗೆ ತಣ್ಣೀರು ಸುರಿದರೆ ಕೈಕಾಲು ಹಿಡಿಯುತ್ತವೆ ಎಂಬ ಭಯ ನಮ್ಮಲ್ಲಿ ಹಳೆಯದು. ಅದು ನಿಜವಲ್ಲ. ಬಿಸಿಲಿನಿಂದ ಬಂದ ಕುದುರೆಯ ಮೈತುಂಬ ನೀರು ಸುರಿಯಿರಿ, ಸುರಿಯುತ್ತಲೇ ಇರಿ, ಕುಡಿಯಲೂ ಕೊಡಿ. ಮಾಲೀಸು ಮೈ ತಣ್ಣಗಾದ ಮೇಲೆ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳನ್ನು ತಾಪಮಾನ 37 ಡಿಗ್ರಿ ಮೀರಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಬಾರದು ಎಂದು 1965ರ ನಿಯಮ ಹೇಳುತ್ತದೆ. ಸವಾರಿ ಕುದುರೆಗೂ ಅದೇ ಲೆಕ್ಕವನ್ನು ಇಟ್ಟುಕೊಳ್ಳಿ. ಮುಳ್ಳಿನ ಕಡಿವಾಣವನ್ನೂ ಅದೇ ನಿಯಮ ನಿಷೇಧಿಸುತ್ತದೆ. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಮೊದಲು ಅದನ್ನು ತೆಗೆಸಿ.

ಕಲಿಯುವ ದಾರಿಗಳಿಗೆ ಬರೋಣ. ಆನ್‌ಲೈನ್ ಕೋರ್ಸಿನಿಂದ ಸ್ನಾಯುಗಳ ಹೆಸರು, ಚಿತ್ರ, ಕ್ರಮ ತಿಳಿಯುತ್ತದೆ. ಆದರೆ ನಿಮ್ಮ ಕೈ ಹೆಚ್ಚು ಒತ್ತುತ್ತಿದೆ ಎಂದು ಪರದೆಯ ಆಚೆಯವರಿಗೆ ತಿಳಿಯುವುದಿಲ್ಲ. ಆ ಪ್ರಮಾಣಪತ್ರದಿಂದ ಇಲ್ಲಿ ಚಿಕಿತ್ಸೆಯ ಅಧಿಕಾರವೂ ಬರುವುದಿಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯ್ದೆಯ ಪ್ರಕಾರ ಪಶುಚಿಕಿತ್ಸೆ ನೋಂದಾಯಿತ ಪಶುವೈದ್ಯರ ಕೆಲಸ. ದುಬಾರಿ ಶುಲ್ಕ ಕೇಳಿದರೆ ಈಗಲೇ ಕಟ್ಟಬೇಡಿ.

ಇನ್ನೊಂದು ದಾರಿ ನಿಮ್ಮ ಸುತ್ತಮುತ್ತಲೇ ಇದೆ. ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಆನೆಗೊಂದಿಯ ಸೀಮೆಯಲ್ಲಿ ಅಷ್ಟು ಕುದುರೆಗಳನ್ನು ತಿಕ್ಕಿ ತೊಳೆದ ಕೈಗಳು ಎಷ್ಟಿದ್ದವೋ! ಇಂದು ಉಳಿದಿರುವುದು ಬಳ್ಳಾರಿ, ರಾಯಚೂರಿನಲ್ಲಿ ಟಾಂಗಾ ಹೊಡೆದು ಮುಪ್ಪಾದ ಕೆಲವರು, ಲಾಳ ಕಟ್ಟುವ ಕುಟುಂಬಗಳು, ತಟ್ಟುಗಳ ಮೇಲೆ ಸಂಸಾರ ಹೇರಿಕೊಂಡು ಅಲೆಯುವ ಕುರುಬರು. ಗೊರಸು ಎತ್ತಿದೊಡನೆ ಅದು ಬಿಸಿಯಾಗಿದೆ ಎಂದು ಹೇಳಬಲ್ಲ ಅವರ ಕೈಯನ್ನು ನಾನು ಯಾವ ಕಾಲೇಜಿನಲ್ಲಿಯೂ ನೋಡಿಲ್ಲ. ಅಂಥವರ ಬಳಿ ಹೋಗಿ ನಿಂತು ನೋಡಿ, ಕೇಳಿ ಕಲಿಯಿರಿ. ಅದರ ಅಪಾಯವೂ ಇದೆ: ಒಳ್ಳೆಯ ಕೈಯ ಜೊತೆಗೆ ಬರೆ, ಚಾಟಿಗಳ ನಂಬಿಕೆಯೂ ಬರುತ್ತದೆ. ಅವರು ತೋರಿಸಿದ್ದನ್ನು ಹತ್ತಿರದ ಪಶುವೈದ್ಯರಲ್ಲಿ ಕೇಳಿ ಖಚಿತಪಡಿಸಿಕೊಂಡೇ ಮಾಡಿ.

ಇದರಲ್ಲಿಯೇ ಬದುಕು ಕಟ್ಟಿಕೊಳ್ಳುವ ಮನಸ್ಸಿದ್ದರೆ ನೇರವಾಗಿ ಹೇಳುತ್ತೇನೆ, ಕುದುರೆ ಮಾಲೀಸು ಒಂದನ್ನೇ ನಂಬಿ ನಮ್ಮ ಮೂರು ಜಿಲ್ಲೆಗಳಲ್ಲಿ ಸಂಸಾರ ನಡೆಯುವುದಿಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ್ದರೆ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಪಶುವೈದ್ಯ ಪದವಿ ಪಡೆಯುವ ದಾರಿ ಉದ್ದವಾದರೂ ಭದ್ರ. ಅದು ಬೇಡವಾದರೆ ಪದವಿ ಮುಗಿಸಿ, ಬೆಂಗಳೂರು, ಮೈಸೂರಿನ ರೇಸ್ ಕುದುರೆ ಲಾಯಗಳಲ್ಲಿ ಕೆಲವು ತಿಂಗಳು ಕೆಲಸ ಮಾಡಿ ನೋಡಬಹುದು. ಹುಡುಗಿಯರ ಪ್ರಶ್ನೆಗೆ ಹೆಚ್ಚು ಮಾತು ಬೇಕಿಲ್ಲ. 350 ಕಿಲೊ ತೂಕದ ಪ್ರಾಣಿಯನ್ನು ತೋಳಿನ ಬಲದಿಂದ ಹಿಡಿಯಬಲ್ಲ ಗಂಡಸೂ ಇಲ್ಲ.

ಮುಂದಿನ ಎರಡು ವಾರ ಒತ್ತುವುದನ್ನು ನಿಲ್ಲಿಸಿ. ಬರೀ ಸವರಿ, ಅದೂ ಕುದುರೆ ಒಪ್ಪಿದಷ್ಟು ಹೊತ್ತು. ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಬರೆಯಿರಿ: ಮೇವು ಹಾಕಿದ ಹೊತ್ತು, ಮೆರವಣಿಗೆ ಇದ್ದ ಗಂಟೆಗಳು, ಉಸಿರು, ನಾಡಿ, ಕೈ ಎಲ್ಲಿಗೆ ಬಂದಾಗ ಕಿವಿ ತಿರುಗಿತು, ಎಲ್ಲಿ ತುಟಿ ಜೋತಿತು. ಕಾಕಾ ಅವರನ್ನೂ ಒಮ್ಮೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಅವರ ಅಂಗೈಯನ್ನೇ ಕತ್ತಿನ ಬುಡದ ಆ ದಿಬ್ಬದ ಮೇಲೆ ಇಡಿಸಿ. ಎರಡು ವಾರದ ಕೊನೆಗೆ ಆ ನೋಟ್‌ಬುಕ್ಕನ್ನೂ ಕುದುರೆಯನ್ನೂ ಜೀನನ್ನೂ ಒಟ್ಟಿಗೆ ನಿಮ್ಮ ತಾಲ್ಲೂಕಿನ ಪಶುವೈದ್ಯರಿಗೆ ತೋರಿಸಿ. ಅವರು ಏನು ಹೇಳಿದರು ಎಂದು ನನಗೂ ಬರೆಯಿರಿ, ಕಾಯುತ್ತಿರುತ್ತೇನೆ.